ಕೆಂಗಲ್ಲಿನ ಹನುಮ, ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯನವರ ಹೆಸರು ಕೇಳದ ಕನ್ನಡಿಗರು ವಿರಳ. ಆದರೆ ಆ ಹೆಸರಿನ ಮೊದಲಲ್ಲಿರುವ ಕೆಂಗಲ್ ಎಲ್ಲಿದೆ ಎಂದರೆ ಹಲವರು ತಡವರಿಸುತ್ತಾರೆ. ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿರುವ ಆಂಜನೇಯನ ಕ್ಷೇತ್ರವದು.

ಕೆಂಪು ಕಣ್ಣು 'ಕೆಂಗಣ್ಣು' ಆದಂತೆ ಕೆಂಪು ಕಲ್ಲು 'ಕೆಂಗಲ್ಲು' ಆಯಿತು. ಇಲ್ಲಿನ ಆಂಜನೇಯ ಮೂಡಿರುವುದು ಕೆಂಪು ಕಲ್ಲಿನಲ್ಲಿ. ಆ ಕಲ್ಲೇ ಸ್ಥಳಕ್ಕೂ ಹೆಸರಾಯಿತೆನ್ನುತ್ತಾರೆ. ಈ ಸೀಮೆಯ ಬೆಟ್ಟಗುಡ್ಡಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಶಿಲೆಯವು. ಪೊಟ್ಯಾಸಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರ್ ಖನಿಜ ಆ ಶಿಲೆಗೆ ನಸುಗೆಂಪು ಬಣ್ಣ ಕೊಟ್ಟಿದೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಕ್ಲೋಸ್‌ಪೇಟೆ ಎಂಬ ಹೆಸರು ಜನರ ಬಾಯಿಂದ ಮರೆಯಾಗಿದ್ದರೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಭೂವಿಜ್ಞಾನದಲ್ಲಿ ಉಳಿದಿದೆ.

ವಿಗ್ರಹವನ್ನು ಪ್ರತಿಷ್ಠಾಪಿಸಿದವರು ವ್ಯಾಸರಾಯರು ಎಂಬುದು ಪ್ರತೀತಿ. ನಾಡಿನ ನೂರಾರು ಹನುಮಂತನ ಗುಡಿಗಳ ಬಗ್ಗೆ ಇದೇ ಮಾತಿದೆ. ಆದರೆ ಇಲ್ಲಿ ಆ ಮಾತಿಗೆ ನೆರೆಯ ನಂಟೊಂದಿದೆ: ವ್ಯಾಸರಾಯರ ಗುರು ಬ್ರಹ್ಮಣ್ಯತೀರ್ಥರ ಬೃಂದಾವನವಿರುವ ಅಬ್ಬೂರು ಇದೇ ಚನ್ನಪಟ್ಟಣ ತಾಲ್ಲೂಕಿನಲ್ಲಿದೆ.

ಇನ್ನೊಂದು ನಂಬಿಕೆ ಹೆಚ್ಚು ಸ್ವಾರಸ್ಯಕರ. ಮೊದಲು ಉತ್ತರಕ್ಕೆ ಮುಖ ಮಾಡಿದ್ದ ಸ್ವಾಮಿ ವರ್ಷದಿಂದ ವರ್ಷಕ್ಕೆ ತುಸುತುಸುವೇ ಪೂರ್ವಕ್ಕೆ ತಿರುಗುತ್ತಿದ್ದಾನಂತೆ. ಅಳತೆಪಟ್ಟಿ ಹಿಡಿದು ತೀರ್ಮಾನಿಸುವ ಸಂಗತಿ ಇದಲ್ಲ. ತಮ್ಮ ದೇವರು ಬರಿಯ ಕಲ್ಲಲ್ಲ, ಜೀವಂತ ಎಂಬುದನ್ನು ಭಕ್ತರು ಹೇಳಿಕೊಳ್ಳುವ ಬಗೆ ಇದು.

ಸುತ್ತಲಿನ ರೈತರಿಗೆ ಈ ಜಾಗ 'ಅಯ್ಯನಗುಡಿ'. ಸುಗ್ಗಿ ಮುಗಿದು ಕೈ ಬಿಡುವಾಗುವ ಸಂಕ್ರಾಂತಿಯ ಸುಮಾರಿಗೆ ಇಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಹಳ್ಳಿಕಾರ್ ಎತ್ತುಗಳ ಹಲ್ಲು, ಸುಳಿ ನೋಡಿ ಜೋಡಿ ಕೊಳ್ಳುವವರು ಬರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಬೇಸಾಯ ಕುಗ್ಗಿದ್ದರಿಂದ ಇಂಥ ಜಾತ್ರೆಗಳ ಬಲವೂ ಕುಗ್ಗಿದೆ.

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಹನುಮಂತಯ್ಯನವರು ಕೆಂಗಲ್ಲನ್ನು ತಮ್ಮ ಹೆಸರಿನೊಡನೆ ಹೊತ್ತರು. 1952ರಿಂದ 1956ರವರೆಗೆ ಮೈಸೂರಿನ ಮುಖ್ಯಮಂತ್ರಿಯಾಗಿ ವಿಧಾನಸೌಧವನ್ನು ಕಟ್ಟಿಸಿದರು. ಗುಡಿಯ ಹೆಸರು ಹೀಗೆ ರಾಜಧಾನಿಗೂ ತಲುಪಿತು.

2023ರಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೈಸೂರಿಗೆ ಧಾವಿಸುವವರಿಗೆ ಈಗ ಕೆಂಗಲ್ ಕಾಣುವುದಿಲ್ಲ. ಮೊದಲು ದಾರಿಯಲ್ಲೇ ಸಿಗುತ್ತಿದ್ದ ದೇವರನ್ನು ಇನ್ನು ಹುಡುಕಿಕೊಂಡು ಹೋಗಬೇಕು. ಹಳೆಯ ದಾರಿ ಹಿಡಿದವರಿಗೆ ಮಾತ್ರ ಅವನ ದರ್ಶನ.