ಭಾಗಲಬ್ಧ ಬೇಡ, ಶೇಷ ಬೇಕು: ಪ್ರೋಗ್ರಾಮಿಂಗ್ ಕಲಿಯುವವರಿಗೊಂದು ಲೆಕ್ಕ

ವಾಯುಮಾಲಿನ್ಯ ತಗ್ಗಿಸುವ ಸಲುವಾಗಿ ದೆಹಲಿ ಸರ್ಕಾರ 2016ರ ಜನವರಿ 1ರಿಂದ 15ರವರೆಗೆ ಸಮ-ಬೆಸ ಪದ್ಧತಿಯನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿತ್ತು. ಬೆಸ ದಿನಾಂಕದಂದು ಬೆಸ ಸಂಖ್ಯೆಯ ಕಾರು, ಸಮ ದಿನಾಂಕದಂದು ಸಮ ಸಂಖ್ಯೆಯ ಕಾರು ರಸ್ತೆಗಿಳಿಯಬೇಕೆಂಬುದು ನಿಯಮ. ಸಂಚಾರ ಪೊಲೀಸರಿಗೆ ನಂಬರ್ ಪ್ಲೇಟಿನ ಕೊನೆಯ ಅಂಕಿಯ ಮೇಲೆ ಕಣ್ಣು ಹಾಯಿಸಿದರೆ ಸಾಕಿತ್ತು. ಇದೇ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವುದಾದರೆ ಅದಕ್ಕೊಂದು ಲೆಕ್ಕ ಹೇಳಿಕೊಡಬೇಕಾಗುತ್ತದೆ. ಆ ಲೆಕ್ಕವೇ ಶೇಷ.

ಪ್ರಾಥಮಿಕ ಶಾಲೆಯ ಭಾಗಾಕಾರದಲ್ಲಿ ಭಾಗಲಬ್ಧಕ್ಕಿದ್ದ ಮರ್ಯಾದೆ ಶೇಷಕ್ಕಿರಲಿಲ್ಲ. ದಶಮಾಂಶ ಕಲಿತ ಮೇಲಂತೂ ಅದು ಮರೆತೇ ಹೋಗುತ್ತದೆ. ಪ್ರೋಗ್ರಾಮಿಂಗ್ ಕಲಿಯಲು ಕುಳಿತವರಿಗೆ ಅದು ಮತ್ತೆ ಎದುರಾಗುವುದು % ಎಂಬ ಚಿಹ್ನೆಯ ರೂಪದಲ್ಲಿ. ಸಿ, ಜಾವಾ, ಪೈಥಾನ್ ಭಾಷೆಗಳಲ್ಲಿ ಈ ಚಿಹ್ನೆಗೂ ಶೇಕಡಾವಾರಿಗೂ ಯಾವ ಸಂಬಂಧವೂ ಇಲ್ಲ. 17 % 5 ಎಂದು ಬರೆದರೆ ಉತ್ತರ 2. ಹದಿನೇಳರಲ್ಲಿ ಐದು ಮೂರು ಬಾರಿ ಹೋಗಿ ಎರಡು ಉಳಿಯಿತು ಎಂದರ್ಥ. ಪ್ಯಾಸ್ಕಲ್ ಭಾಷೆಯಲ್ಲಿ ಇದಕ್ಕೆ ‘ಮಾಡ್’ ಎಂಬ ಪದವನ್ನೇ ಇಟ್ಟಿದ್ದರು. ಗೊಂದಲಕ್ಕೆ ಎಡೆಯಿಲ್ಲದ ಆ ಏರ್ಪಾಡೇ ಲೇಸಾಗಿತ್ತು.

4827 ಸಂಖ್ಯೆಯ ಕಾರು 11ನೇ ತಾರೀಕು ಹೊರಡಬಹುದೇ? ಎರಡನ್ನೂ 2ರಿಂದ ಭಾಗಿಸಿದಾಗ ಉಳಿಯುವುದು 1. ಎರಡೂ ಶೇಷಗಳು ಒಂದೇ ಆದ್ದರಿಂದ ಹೊರಡಬಹುದು. ಕೊನೆಯ ಅಂಕಿಯನ್ನು ಬಿಡಿಸಿ ನೋಡುವ ಅಗತ್ಯವೇ ಇಲ್ಲ. ಅಂಕಿಯೇ ಬೇಕೆಂದರೆ 10ರಿಂದ ಭಾಗಿಸಿದರಾಯಿತು: 4827 % 10 ಎಂದರೆ 7. ದಶಮಾಂಶವಿಲ್ಲದ ಭಾಗಾಕಾರದಿಂದ 482 ಉಳಿಸಿಕೊಂಡು ಅದಕ್ಕೂ ಹೀಗೆಯೇ ಮಾಡಿದರೆ 2 ಸಿಗುತ್ತದೆ. ಅಂಕಿಗಳ ಮೊತ್ತ, ತಿರುಗಿಸಿ ಬರೆದ ಸಂಖ್ಯೆ ಮುಂತಾಗಿ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ತಪ್ಪದೇ ಬರುವ ಪ್ರಶ್ನೆಗಳೆಲ್ಲ ಇದೇ ಜಾಡಿನವು.

ಇಲ್ಲಿಯವರೆಗೆ ದಾರಿ ಸುಗಮ. ತೊಡಕು ಶುರುವಾಗುವುದು ಋಣ ಸಂಖ್ಯೆ ಬಂದಾಗ.

ವಾರದ ದಿನಗಳಿಗೆ ಭಾನುವಾರ 0, ಸೋಮವಾರ 1 ಎಂದು ಶನಿವಾರದ 6ರವರೆಗೆ ಅಂಕಿಗಳನ್ನು ಕೊಟ್ಟಿದ್ದೇವೆ ಎಂದಿಟ್ಟುಕೊಳ್ಳಿ. ಭಾನುವಾರದಿಂದ ಹತ್ತು ದಿನ ಮುಂದೆ ಯಾವ ವಾರ? 10 % 7 ಎಂದರೆ 3, ಅಂದರೆ ಬುಧವಾರ. ಭಾನುವಾರಕ್ಕೆ ಮೂರು ದಿನ ಹಿಂದೆ? ಗುರುವಾರ, ಅಂದರೆ 4 ಬರಬೇಕು. ಪೈಥಾನ್‌ನಲ್ಲಿ -3 % 7 ಎಂದು ಕೇಳಿದರೆ 4 ಎಂದೇ ಬರುತ್ತದೆ. ಜಾವಾ ಮತ್ತು ಸಿ ಭಾಷೆಗಳಲ್ಲಿ ಬರುವುದು -3. ಅಂಥ ವಾರವೇ ಇಲ್ಲ.

ಇದರಲ್ಲಿ ಯಾವ ಭಾಷೆಯದೂ ತಪ್ಪಿಲ್ಲ. ಭಾಗಲಬ್ಧವನ್ನು ಯಾವ ಕಡೆಗೆ ಸರಿಸಬೇಕು ಎಂಬಲ್ಲಿ ಅವುಗಳ ದಾರಿ ಬೇರೆ. -3ನ್ನು 7ರಿಂದ ಭಾಗಿಸಿದಾಗ ಜಾವಾ ಸೊನ್ನೆಯ ಕಡೆಗೆ ಸರಿದು ಭಾಗಲಬ್ಧ 0 ಎನ್ನುತ್ತದೆ. ಹಾಗಾಗಿ -3 ಹಾಗೆಯೇ ಉಳಿಯುತ್ತದೆ. ಪೈಥಾನ್ ಕೆಳಕ್ಕೆ ಇಳಿದು -1 ಎನ್ನುತ್ತದೆ. -7ರಿಂದ -3ಕ್ಕೆ ಬರಲು ಬೇಕಾದ 4 ಶೇಷವಾಗುತ್ತದೆ. ಜಾವಾದಲ್ಲಿ ಬರೆಯುವವರು ಬಂದ ಶೇಷಕ್ಕೆ 7 ಕೂಡಿಸಿ ಮತ್ತೊಮ್ಮೆ 7ರ ಶೇಷ ತೆಗೆಯುವುದು ರೂಢಿಯಲ್ಲಿರುವ ಪರಿಹಾರ.

ಇದೇ ಕಾರಣಕ್ಕೆ ‘2ರಿಂದ ಭಾಗಿಸಿ 1 ಉಳಿದರೆ ಬೆಸ’ ಎಂಬ ಪರೀಕ್ಷೆಯೂ ಜಾವಾದಲ್ಲಿ -3ರ ಮುಂದೆ ಸೋಲುತ್ತದೆ. ಅಲ್ಲಿ ಉಳಿಯುವುದು -1. ‘ಸೊನ್ನೆ ಉಳಿಯದಿದ್ದರೆ ಬೆಸ’ ಎಂದು ಬರೆಯುವುದು ಕ್ಷೇಮ. ಸೊನ್ನೆಯಿಂದ ಶೇಷ ತೆಗೆಯಹೊರಟರೆ ಜಾವಾ, ಪೈಥಾನ್ ಎರಡೂ ಕೂಡಲೇ ದೋಷ ತೋರಿಸಿ ನಿಲ್ಲುತ್ತವೆ. ಆದರೆ ಮೇಲಿನ ತಪ್ಪುಗಳಿಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ಉತ್ತರವನ್ನೂ ಕೊಡುತ್ತದೆ. ಬೆಸ ಸಂಖ್ಯೆ ಸಮವೆಂದು ಪರಿಗಣಿತವಾಗಿರುತ್ತದೆ, ಅಷ್ಟೆ.

ಇಂಥ ಸದ್ದಿಲ್ಲದ ತಪ್ಪು ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಅಧಿಕ ವರ್ಷದ ಲೆಕ್ಕವೇ ಸಾಕ್ಷಿ. 4ರಿಂದ ಭಾಗಿಸಿ ಶೇಷ ಸೊನ್ನೆಯಾದರೆ ಅಧಿಕ ವರ್ಷ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಅದು ಅರ್ಧ ಸೂತ್ರ ಮಾತ್ರ. 100ರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರಷ್ಟೇ ಅಧಿಕ ವರ್ಷ. 2000 ಅಧಿಕ ವರ್ಷವಾಗಿತ್ತು. 1900 ಆಗಿರಲಿಲ್ಲ, 2100 ಕೂಡ ಆಗುವುದಿಲ್ಲ.

1983ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ 1900ನ್ನು ಅಧಿಕ ವರ್ಷವೆಂದು ಎಣಿಸಿತ್ತು. ಅದರ ಕಡತಗಳೊಂದಿಗೆ ಹೊಂದಿಕೊಳ್ಳಬೇಕೆಂದು ಮೈಕ್ರೋಸಾಫ್ಟ್ ತನ್ನ ಎಕ್ಸೆಲ್‌ನಲ್ಲೂ ಅದೇ ಎಣಿಕೆಯನ್ನು ಇಟ್ಟುಕೊಂಡಿತು. ಈಗ ತಿದ್ದಹೋದರೆ ಜಗತ್ತಿನ ಅಸಂಖ್ಯ ಕಡತಗಳಲ್ಲಿನ ದಿನಾಂಕಗಳು ಒಂದೊಂದು ದಿನ ಪಲ್ಲಟವಾಗುತ್ತವೆ ಎಂಬ ಕಾರಣಕ್ಕೆ ತಪ್ಪನ್ನು ಹಾಗೆಯೇ ಬಿಡಲಾಗಿದೆ. ಅನುಮಾನವಿದ್ದವರು ವಿಂಡೋಸ್ ಎಕ್ಸೆಲ್‌ನ ಯಾವುದಾದರೂ ಮನೆಯಲ್ಲಿ 60 ಎಂದು ಬರೆದು, ಅದನ್ನು ದಿನಾಂಕದ ರೂಪಕ್ಕೆ ಬದಲಾಯಿಸಿ ನೋಡಬಹುದು. ಎಂದೂ ಬಾರದಿದ್ದ 1900ರ ಫೆಬ್ರವರಿ 29 ಅಲ್ಲಿ ಕಾಣಿಸಿಕೊಳ್ಳುತ್ತದೆ.