ಬೆರಳ ಸಂದಿನ ಉರಿಗೆ ಮೊದಲ ಮದ್ದು ಅಗಲದ ಚಪ್ಪಲಿ
ನಡೆಯುವಾಗ ಚಪ್ಪಲಿಯೊಳಗೆ ಸಣ್ಣ ಕಲ್ಲು ಸಿಕ್ಕಿಕೊಂಡಂತಾಗಿ, ಪಾದದ ಮೂರನೇ ಮತ್ತು ನಾಲ್ಕನೇ ಬೆರಳ ನಡುವೆ ಉರಿ, ಜೋಮು ಬರುತ್ತಿದ್ದರೆ ಅದು ಮಾರ್ಟನ್ ನ್ಯೂರೋಮಾ ಇರಬಹುದು. ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಮಾರ್ಟನ್ 1876ರಲ್ಲಿ ಇದನ್ನು ವಿವರಿಸಿದರು. ಹೆದರಬೇಡಿ, ಕ್ಯಾನ್ಸರ್ ಅಲ್ಲ. ನರದ ಸುತ್ತಲಿನ ಅಂಗಾಂಶ ದಪ್ಪವಾಗಿರುತ್ತದೆ, ಅಷ್ಟೆ. ಮುಂಭಾಗ ಚೂಪಾದ, ಹಿಮ್ಮಡಿ ಎತ್ತರದ ಪಾದರಕ್ಷೆ ಬಿಟ್ಟು ಅಗಲದ್ದನ್ನು ಹಾಕಿದರೇ ಹಲವರಿಗೆ ನೋವು ತಗ್ಗುತ್ತದೆ. ಪಾದರಕ್ಷೆಯೊಳಗೆ ಮೆತ್ತೆ ಇಡುವುದಾದರೆ ಅದು ನೋಯುವ ಜಾಗದ ಮೇಲಲ್ಲ, ಅದಕ್ಕಿಂತ ತುಸು ಹಿಂದೆ ಇರಬೇಕು. ಇವಕ್ಕೂ ನೋವು ಬಗ್ಗದಿದ್ದರೆ ಸ್ಟೀರಾಯ್ಡ್ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆ. ನರ ತೆಗೆದರೆ ಆ ಬೆರಳ ಸಂದಿನಲ್ಲಿ ಸ್ಪರ್ಶಜ್ಞಾನ ಶಾಶ್ವತವಾಗಿ ಹೋಗಬಹುದು. ಒಪ್ಪುವ ಮೊದಲೇ ವೈದ್ಯರನ್ನು ಕೇಳಿ. ಜವನಗೊಂಡನಹಳ್ಳಿ ಕಡೆಯವರು ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಬಹುದು. ಸಕ್ಕರೆ ಕಾಯಿಲೆಯವರು ಮಾತ್ರ ಪಾದದ ಉರಿಯನ್ನು ಒಂದು ದಿನವೂ ಕಡೆಗಣಿಸಬಾರದು, ಅವರಲ್ಲಿ ಕಾರಣ ಬೇರೆಯೇ ಇದ್ದೀತು.