ಪರದೆಯ ಮೇಲಿನ ಅಂಕಿ ಗುಳಿಗೆಯಲ್ಲ

“ಕಂಪ್ಯೂಟರದಾಗ ಔಷಧ ಕಂಡುಹಿಡದಾರಂತ, ಇನ್ನ ಗುಳಿಗಿ ಬರೋದೊಂದ ಬಾಕಿ ಅದ.”

ಅಲ್ಝೈಮರ್, ಪಾರ್ಕಿನ್ಸನ್ ಸಂಶೋಧನೆಯ ಸುದ್ದಿ ಬಂದಾಗ ಕಲಬುರಗಿಯ ಮನೆಗಳಲ್ಲಿ ಇಂಥ ಆಸೆ ಹುಟ್ಟುವುದು ಸಹಜ. ಮರೆವಿನ ಅಪ್ಪನನ್ನೋ ಕೈ ನಡುಗುವ ಅವ್ವನನ್ನೋ ನೋಡಿಕೊಳ್ಳುವವರು ಇನ್ನೇನು ಬಯಸಿಯಾರು? ಆದರೆ ಕಂಪ್ಯೂಟರ್ ಮಾಡುವುದು ಹುಡುಕಾಟದ ಮೊದಲ ಸೋಸುವಿಕೆಯನ್ನು ಮಾತ್ರ.

ಕಾಯಿಲೆಗೆ ಸಂಬಂಧಿಸಿದ ಒಂದು ಪ್ರೋಟೀನಿನ ರಚನೆಯನ್ನು ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಇಳಿಸಿಕೊಳ್ಳುತ್ತಾರೆ. 1971ರಲ್ಲಿ ಶುರುವಾದ ಈ ಭಂಡಾರ ಎಲ್ಲರಿಗೂ ತೆರೆದಿದೆ. ಪ್ರೋಟೀನಿನ ಕುಳಿಯೊಳಗೆ ಸಾವಿರಾರು ಅಣುಗಳನ್ನು ಒಂದೊಂದಾಗಿ ಕೂರಿಸಿ, ಯಾವುದರ ಹಿಡಿತ ಗಟ್ಟಿ ಎಂದು ಲೆಕ್ಕ ಹಾಕುತ್ತಾರೆ. ಇದೇ ಡಾಕಿಂಗ್. ಸಿಗುವ ಉತ್ತರ −9, −10 ಕಿಲೋಕ್ಯಾಲರಿ ಎಂಬಂಥ ಅಂಕಿ, ಅದೂ ಅಂದಾಜಿನದು. ಬಹಳ ಜನ ಬಳಸುವ ಆಟೊಡಾಕ್ ವೀನಾ ತಂತ್ರಾಂಶವನ್ನು 2010ರಲ್ಲಿ ಪ್ರಕಟಿಸಿದವರೇ ಅದರ ದೋಷ ಸುಮಾರು 2.85 ಕಿಲೋಕ್ಯಾಲರಿ ಎಂದು ಬರೆದಿದ್ದಾರೆ. ಅಷ್ಟು ಅಂತರವೆಂದರೆ ಹಿಡಿತದ ಬಲದಲ್ಲಿ ನೂರು ಪಟ್ಟು ಮೀರಿದ ವ್ಯತ್ಯಾಸ. ಹಾಗಿರುವಾಗ −9.1ರ ಅಣುವಿಗಿಂತ −9.4ರದ್ದು ಮೇಲು ಎಂದು ತೀರ್ಮಾನಿಸಲು ಆಧಾರವೇ ಇಲ್ಲ.

“ಅಣು ಸರಿಯಾಗಿ ಕೂತರೆ ಕಾಯಿಲೆ ಹೋದಂತೆ.”

ವಿದ್ಯಾವಂತರೂ ನಂಬಿರುವ ಮಾತಿದು. ವೆರುಬೆಸೆಸ್ಟಾಟ್ ಎಂಬ ಅಣುವಿನ ಕಥೆಯನ್ನು ಅವರೆಲ್ಲ ಓದಬೇಕು. ಅಲ್ಝೈಮರ್ ರೋಗಿಯ ಮಿದುಳಿನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕು ಶೇಖರವಾಗುತ್ತದೆ. ಅದು ಹುಟ್ಟಲು ಬೇಕಾದ ಬೇಸ್-1 ಕಿಣ್ವದ ರಚನೆ 2000ದಲ್ಲಿ ತಿಳಿಯಿತು. ಆ ರಚನೆಗೆ ಒಪ್ಪುವಂತೆ ಮರ್ಕ್ ಕಂಪನಿ ಈ ಅಣುವನ್ನು ರೂಪಿಸಿತು. ನುಂಗಿದ ಗುಳಿಗೆ ಮಿದುಳನ್ನು ತಲುಪಿತು, ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ರೋಗಿಗಳ ನೆನಪು ಮಾತ್ರ ಸುಧಾರಿಸಲಿಲ್ಲ. 1,958 ಜನರ ಪ್ರಯೋಗವನ್ನು 2017ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಕಾಯಿಲೆಯ ಆರಂಭದಲ್ಲಿದ್ದವರ ಪ್ರಯೋಗವನ್ನು ಮರುವರ್ಷ ನಿಲ್ಲಿಸಿದಾಗ, ಔಷಧ ತೆಗೆದುಕೊಂಡವರು ಕೆಲವು ಪರೀಕ್ಷೆಗಳಲ್ಲಿ ಹುಸಿ ಗುಳಿಗೆಯವರಿಗಿಂತ ಹಿಂದಿದ್ದರು. ಅಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆ ಹಂತದಲ್ಲಿ ಆ ಕಿಣ್ವವನ್ನು ತಡೆದರೆ ರೋಗಿಗೆ ಒಳ್ಳೆಯದಾದೀತೇ ಎಂಬ ಪ್ರಶ್ನೆಗೆ ಡಾಕಿಂಗ್ ಬಳಿ ಉತ್ತರವಿಲ್ಲ; ಉತ್ತರ ಕೊಟ್ಟವರು ಪ್ರಯೋಗಕ್ಕೆ ಒಪ್ಪಿದ ಆ ರೋಗಿಗಳು.

“ನಮ್ಮ ಹಣ್ಣಿನಾಗೇ ಔಷಧ ಅದ.”

ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ರುಚಿಗೂ ಹೆಸರಿದೆ. ಬಾಳೆಹಣ್ಣಿನಲ್ಲಿ ಡೋಪಮೈನ್ ಇರುವುದೂ ನಿಜ, ಪಾರ್ಕಿನ್ಸನ್ ರೋಗಿಯ ಮಿದುಳಿನಲ್ಲಿ ಕಡಿಮೆಯಾಗುವುದು ಡೋಪಮೈನ್ ಎಂಬುದೂ ನಿಜ. ಆದರೂ ಹಣ್ಣು ತಿಂದರೆ ನಡುಕ ನಿಲ್ಲದು. ರಕ್ತದಲ್ಲಿರುವ ಡೋಪಮೈನ್ ರಕ್ತ-ಮಿದುಳು ತಡೆಯನ್ನು ದಾಟುವುದಿಲ್ಲ. ಅದಕ್ಕೇ ವೈದ್ಯರು ಲೆವೊಡೋಪಾ ಕೊಡುತ್ತಾರೆ. ಅದು ತಡೆ ದಾಟಿ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇದ್ದರೂ ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಗುಳಿಗೆಯ ಜೊತೆಗೆ ಅದರ ಪುಡಿಯನ್ನೂ ತೆಗೆದುಕೊಂಡರೆ ಪ್ರಮಾಣ ಮೀರುವ ಅಪಾಯವಿದೆ. ಅಣು ಈ ತಡೆಯನ್ನು ದಾಟೀತೇ ಎಂದು ಮೊದಲೇ ಅಂದಾಜಿಸುವುದರಲ್ಲಿ ಕಂಪ್ಯೂಟರ್ ನಿಜವಾಗಿ ಉಪಕಾರಿ.

“ಇದೆಲ್ಲ ಬೆಂಗಳೂರಿನವರ ಕೆಲಸ.”

ಖಂಡಿತ ಅಲ್ಲ. ತಂತ್ರಾಂಶ ಉಚಿತ, ಲ್ಯಾಪ್‌ಟಾಪ್ ಸಾಕು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಓದುವ ಹುಡುಗಿಯೂ ಡಾಕಿಂಗ್ ಮಾಡಬಲ್ಲಳು. ಅಲ್ಲಿಗೇ ನಿಲ್ಲದೆ ಅಣುವನ್ನು ತಯಾರಿಸಿ ಕಿಣ್ವದ ಮೇಲೆ ಪರೀಕ್ಷಿಸಲು ಅವಳಿಗೆ ರಾಸಾಯನಿಕ, ಉಪಕರಣ, ಅನುದಾನ ಸಿಗಬೇಕು.

“ವಯಸ್ಸ ಆಗ್ಯಾದ, ಅರಳುಮರಳು. ಔಷಧ ಬರೋತನಕ ಏನೂ ಮಾಡಾಕಾಗಲ್ಲ.”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ಇದು. ಡೊನೆಪೆಝಿಲ್ ಎಂಬ ಅಲ್ಝೈಮರ್ ಔಷಧಕ್ಕೆ 1996ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ನಮ್ಮಲ್ಲೂ ಸಿಗುತ್ತದೆ. ಕಾಯಿಲೆಯನ್ನು ಅದು ನಿಲ್ಲಿಸದು. ಕೆಲವರಿಗೆ ಕೆಲಕಾಲ ನೆನಪನ್ನೂ ದಿನಚರಿಯನ್ನೂ ಕಾಯುತ್ತದೆ. ಮರೆವೆಲ್ಲ ಅಲ್ಝೈಮರ್ ಕೂಡ ಅಲ್ಲ. ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಮೊದಲೆರಡನ್ನು ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಕಂಡುಹಿಡಿಯಬಹುದು, ಮೂರಕ್ಕೂ ಚಿಕಿತ್ಸೆ ಇದೆ.